ಮುಂದಿನ ಬೆಂಚಿನಲ್ಲಿ ಜಾಗ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂತು. ಒಂಬತ್ತು ವರ್ಷದ ಮೇಲೆ ನಿನ್ನ ಅಕ್ಷರ ಕಂಡು ಖುಷಿಯಾಯಿತು ಎಂದು ಬರೆಯಬೇಕು. ನಿಜ ಹೇಳಲೇ? ಇವಳಿಗೂ ಸುದ್ದಿ ಮುಟ್ಟಿತೇ ಅಂದುಕೊಂಡೆ.

ನಾನು ಆರು ವರ್ಷ ನೋಡಿಕೊಂಡ ಟೀಚರಮ್ಮ ತೀರಿಕೊಂಡರು. ತಮ್ಮ ಮನೆಯನ್ನು ನನ್ನ ಹೆಸರಿಗೆ ಬರೆದಿದ್ದಾರೆಂದು ಊರೆಲ್ಲ ಗುಲ್ಲು. ಅಂದಿನಿಂದ ಎಲ್ಲರಿಗೂ ನನ್ನ ಮೇಲೆ ಅಕ್ಕರೆ ಉಕ್ಕುತ್ತಿದೆ. ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ನನ್ನನ್ನು 'ಏಯ್' ಎನ್ನುತ್ತಿದ್ದ ಮೇಲ್ವಿಚಾರಕ ಈಗ 'ಮೇಡಂ' ಎನ್ನುತ್ತಾನೆ. ಚರ್ಚಿನಲ್ಲಿ ಸದಾ ಕೊನೆಯ ಬೆಂಚು ತೋರಿಸುತ್ತಿದ್ದ ಹಿರಿಯರು ಇವತ್ತು ತಾವೇ ಎದ್ದು ಬಂದು, "ಅಲ್ಯಾಕಮ್ಮ ಕೂರ್ತೀರಿ? ಮುಂದೆ ಬನ್ನಿ" ಎಂದರು. ಪಾದ್ರಿಗಳು ಓದಿದ ಬೈಬಲಿನ ಭಾಗವೂ ಅದೇ ಆಗಬೇಕೇ! ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಜಾಗ ಕೊಟ್ಟು, ಕೊಳೆಬಟ್ಟೆಯವನನ್ನು ಕಾಲಬುಡದಲ್ಲಿ ಕೂರಿಸುವವರ ಬಗ್ಗೆ. ಹಿರಿಯರೇ ಎಲ್ಲರಿಗಿಂತ ಜೋರಾಗಿ 'ಆಮೆನ್' ಅಂದರು. ನಾನು ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡೆ.

ನಿನ್ನ ಮಗಳ ಮದುವೆಯಲ್ಲಿ ಬೀಗರು ನಾನು ಯಾರೆಂದು ಕೇಳಿದಾಗ, "ಕೆಲಸಕ್ಕೆ ಬಂದಿದಾಳೆ" ಅಂದೆಯಲ್ಲ. ತಟ್ಟೆ ಎತ್ತುತ್ತಾ ಕೇಳಿಸಿಕೊಂಡಿದ್ದೆ. ಅಂಥ ನೀನು ಈಗ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಉಳಿದ ದಿನ ಜೊತೆಗಿರೋಣ ಎಂದು ಬರೆದರೆ ಹೇಗೆ ನಂಬಲಿ?

ಗುಲ್ಲು ಸುಳ್ಳು, ಅಕ್ಕ. ಮನೆ ಟೀಚರಮ್ಮನ ಅಣ್ಣನ ಮಗನ ಪಾಲಾಯಿತು. ನನಗೆ ಅದೇ ಹಳೆಯ ಒಂದು ಕೋಣೆ, ಒಂದು ಮಂಚ. ಈಗಲೂ ಬರುತ್ತೀಯಾ?

ಇಂತಿ,
ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಹದಿನೈದು ವರ್ಷ ನನ್ನ ಪಕ್ಕದಲ್ಲೇ ಬಟ್ಟೆ ಒಗೆದ ಗೆಳತಿ. ಇವಳಿಗೇನು ಬೇಕಾಗಿದೆಯೋ ಎಂದು ಬಾಗಿಲನ್ನು ಅರ್ಧವೇ ತೆರೆದು, ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡಿಸಿದೆ. ನಾನು ಕೆಲಸದಲ್ಲಿ ಮರೆತು ಬಂದಿದ್ದ ಊಟದ ಡಬ್ಬಿಯನ್ನು ತೊಳೆದು ತಂದಿದ್ದಳು, ಅಷ್ಟೇ. ಅದನ್ನು ಕೈಗಿಟ್ಟು, "ಒಳಗೆ ಬಾ ಅಂತಾನೂ ಅನ್ಲಿಲ್ವಲ್ಲೇ" ಅಂದು ಮೆಟ್ಟಿಲಿಳಿದಳು. ಬರಿಗಾಲಲ್ಲಿ ಬೀದಿಯ ಕೊನೆಯವರೆಗೆ ಓಡಿದೆ. ಬಸ್ಸು ಹೊರಟುಹೋಗಿತ್ತು.

ಮೇಲೆ ಬರೆದದ್ದೇ ಸುಳ್ಳು. ಟೀಚರಮ್ಮನ ಮನೆ ನನ್ನದೇ, ಅಕ್ಕ. ಈ ಕಾಗದವನ್ನು ಇಲ್ಲೇ ಕೂತು ಬರೆದೆ. ಬರುವುದಾದರೆ ಬಾ, ಯಾಕೆ ಬಂದೆ ಎಂದು ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಆ ಗೆಳತಿಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಒಳಗೆ ಕರೆಯುತ್ತಾಳೋ ಇಲ್ಲವೋ.