ಮೇಲಿನ ಹುಲ್ಲುಗಾವಲಿನ ಹಸಿರು

ಅಕ್ಕನಿಗೆ ನಮಸ್ಕಾರ.

ಮೇಲಿನ ಹುಲ್ಲುಗಾವಲು ಹಸಿರಾಗಿದೆ ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆ. ಹಸಿರಾಗಿರುವುದು ನಿಜ, ಆದರೆ ಅದು ದನ ಮೂಸಿಯೂ ನೋಡದ ಕಳೆ.

ನೀನು ಕೈ ಮುರಿದುಕೊಂಡು ಮಗಳ ಮನೆಗೆ ಹೋಗುವಾಗ, ಹುಲ್ಲಿನ ಬೀಜ ಉದುರುವವರೆಗೆ ಬೇಲಿ ತೆಗೆಯಬೇಡ ಎಂದಿದ್ದೆ. ನನ್ನ ಪಾಲಿನ ಹುಲ್ಲು ಉಳಿಯಲಿ ಎಂದು ನಾನು ಬೇಲಿ ತೆಗೆದು, ಮೇಲಿರುವ ನಿನ್ನ ಪಾಲಿನೊಳಗೆ ನನ್ನ ಕುರಿಗಳನ್ನು ಬಿಟ್ಟೆ. ಬೀಜ ಉದುರುವ ಮೊದಲೇ ಅವು ಬುಡದವರೆಗೂ ಮೇದವು; ಆ ಜಾಗದಲ್ಲಿ ಈ ಕಳೆ ಎದ್ದಿತು.

"ನಿಮ್ಮಕ್ಕನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದು ನನ್ನವಳು ದಿನವೂ ಕೇಳುತ್ತಾಳೆ.

ನಿನ್ನ ಹಸುಗಳು ಈಗ ನನ್ನ ಪಾಲಿನಲ್ಲಿ ಮೇಯುತ್ತಿವೆ. ಕುರಿಗಳಿಗೆ ದೊಡ್ಡಿಯಲ್ಲೇ ಸೊಪ್ಪು ಹಾಕುತ್ತೇನೆ. ಬಂದ ಕೂಡಲೇ ಒಬ್ಬಳೇ ಮೇಲಕ್ಕೆ ಹೋಗಬೇಡ.

ಆ ಹುಲ್ಲಿನ ಬೀಜ ಎಲ್ಲಿ ಸಿಗುತ್ತದೆಂದು ತಿಳಿಸು. ಯಾರನ್ನು ಕೇಳಿದರೂ, "ನಿಮ್ಮಕ್ಕನ್ನೇ ಕೇಳಪ್ಪ, ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು" ಎನ್ನುತ್ತಾರೆ.

ನಿನ್ನ ತಮ್ಮ