ಬಂಗಲೆಯ ಬಟ್ಟೆ ಮಿಷಿನ್ನು

ಜಾವಳಿ
ಮಂಗಳವಾರ, 9-2-1999

ಪ್ರೀತಿಯ ಅವ್ವಾ,

ನಿನ್ನ ಮಗಳು ಯಶೋದಾ ಮಾಡುವ ನಮಸ್ಕಾರ. ಹೇಗಿದ್ದೀಯ? ಬೇರೆಲ್ಲ ಆಮೇಲೆ, ಮೊದಲು ಕೈ ಹೇಗಿದೆ ಹೇಳು. ಬೆರಳ ಸಂದಿ ಒಣಗಿದೆ, ಈಗ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ ಅಂತ ಲಿಂಗಪ್ಪಮಾವ ಬರೆದಿದ್ದರು. ಅದನ್ನು ಓದಿ ಬಂಗಲೆಯ ಅಡಿಗೆಮನೆಯಲ್ಲೇ ಅತ್ತುಬಿಟ್ಟೆ. ಅಮ್ಮಾವ್ರು ಕೇಳಿದ್ದಕ್ಕೆ ಈರುಳ್ಳಿ ಅಂದೆ. ಮುಲಾಮು ಹಚ್ಚೋದು ಬಿಡಬೇಡ. ವಸ್ತಾರೆಯ ಮಾವನ ಮನೆಯಲ್ಲೂ ಅತ್ತೆಗೆ ಪಾತ್ರೆ ತೊಳೆದುಕೊಡೋಕೆ ಹೋಗಿರ್ತೀಯ, ನೀನು ಸುಮ್ಮನೆ ಕೂರೋಳಲ್ಲ. ಮತ್ತೆ ಸೋಪಿನ ನೀರಿಗೆ ಕೈಯಿಟ್ಟರೆ ಬೆರಳು ಮಡಚೋಕೂ ಆಗಲ್ಲ ಅಂತ ಮೂಡಿಗೆರೆ ಡಾಕ್ಟರು ಹೇಳಿದ್ದು ನನ್ನೆದುರಿಗೇ. ಮಾವ, ಈ ಸಾಲನ್ನು ಅವ್ವನಿಗೆ ಎರಡು ಸಲ ಓದಿ ಹೇಳಿ.

ಇನ್ನು ಇಲ್ಲಿಯ ಸುದ್ದಿ. ನಿನ್ನನ್ನು ಕೆಲಸ ಬಿಡಿಸಿ ತಂದು ಕೂರಿಸಿದರಲ್ಲ ಆ ಬಟ್ಟೆ ಮಿಷಿನ್ನು, ಅದರ ಯೋಗ್ಯತೆ ಹೇಳ್ತೀನಿ ಕೇಳು. ಯಾವುದೋ ಕಂಪನಿ ಎಸ್ಟೇಟಿನ ಬಂಗಲೆ ಖಾಲಿ ಮಾಡುವಾಗ ಹರಾಜಿನಲ್ಲಿ ಬಂದ ಮಾಲು. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಗೌಡ್ರಿಗೆ ಮಾತ್ರ ಆನೆ ಕೊಂಡು ತಂದಷ್ಟು ಜಂಬ. ಮೇಲೊಂದು ಮುಚ್ಚಳ, ಒಳಗೆ ತೂತಿನ ಡ್ರಮ್ಮು, ನಡುವೆ ರೆಕ್ಕೆ ಇರುವ ಕಂಬ. ಆ ಕಂಬ ಆಕಡೆಗೊಮ್ಮೆ ಈಕಡೆಗೊಮ್ಮೆ ತಿರುಗುತ್ತೆ, ಸೀರೆಗಳೆಲ್ಲ ಅದಕ್ಕೆ ಸುತ್ತಿಕೊಂಡು ಹಗ್ಗ ಆಗುತ್ತವೆ. ಅದನ್ನೇ ಒಗೆಯೋದು ಅಂತಾರೆ. ಮುಂದೆ ಒಂದು ದಪ್ಪ ನಾಬು. ಬಲಕ್ಕೇ ತಿರುಗಿಸಬೇಕು, ಎಡಕ್ಕೆ ತಿರುಗಿಸಿದರೆ ಕೆಟ್ಟುಹೋಗುತ್ತಂತೆ. ತಿರುಗಿಸಿ ಹೊರಗೆಳೆದರೆ ಶುರು. ಸುತ್ತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಹತ್ತನೇ ಕ್ಲಾಸು ಪಾಸಾದವಳು ಅಂತ ಓದೋ ಕೆಲಸ ನನ್ನ ತಲೆಗೇ ಬಂತು. ನೆನೆಸು, ಒಗೆ, ಜಾಲಿಸು, ಹಿಂಡು. ಅಷ್ಟೇ ಕಣವ್ವಾ. ನೀನು ಮೂವತ್ತು ವರ್ಷ ಯಾವ ನಾಬೂ ಇಲ್ಲದೆ ಮಾಡಿದ್ದು ಅದನ್ನೇ.

ದಪ್ಪ ಬಟ್ಟೆಗೆ ಒಂದು ಥರ ತಿರುಗುತ್ತೆ, ಮಾಮೂಲಿಗೆ ಒಂದು ಥರ, ನಾಜೂಕು ಬಟ್ಟೆಗೆ ಇನ್ನೊಂದು ಥರ. ಆ ನಾಜೂಕನ್ನು ನಂಬಿ ಅಮ್ಮಾವ್ರು ರೇಷ್ಮೆ ಸೀರೆ ಹಾಕಿದರು. ಹೊರಗೆ ಬಂದಾಗ ನೆಲ ಒರೆಸೋ ಬಟ್ಟೆಯೂ ಅದಕ್ಕಿಂತ ಚೆನ್ನಾಗಿತ್ತು. ಗೌಡ್ರ ಕಾಲರಿನ ಕೊಳೆ ಇದ್ದಲ್ಲೇ ಇದೆ, ತೋಟದ ಕಾಫಿ ಕಲೆಯೂ ಇದ್ದಲ್ಲೇ ಇದೆ. ಬಟ್ಟೆಯ ಮುಖ ನೋಡಿ ಸೋಪು ಹಾಕಬೇಕು ಅಂತಿದ್ದೆಯಲ್ಲ ನೀನು, ಇದಕ್ಕೆ ಕಣ್ಣೆಲ್ಲಿದೆ? ಮುಚ್ಚಳ ತೆಗೆದರೆ ಹಿಂಡೋದು ನಿಂತುಹೋಗುತ್ತೆ. ಅಮ್ಮಾವ್ರಿಗೋ ನಿಮಿಷಕ್ಕೊಂದು ಸಲ ತೆಗೆದು ನೋಡೋ ಚಪಲ. ಬೆಳಿಗ್ಗೆ ಹಾಕಿದ ಬಟ್ಟೆ ಮಧ್ಯಾಹ್ನದವರೆಗೂ ಅಲ್ಲೇ. ಕಂಬಳಿ ಹಾಕಿದ ದಿನ ಭಾರ ಒಂದು ಕಡೆಗೆ ಸೇರಿ, ದಡಬಡ ಅಂತ ಕುಣಿದು, ಬಚ್ಚಲಿನಿಂದ ಬಾಗಿಲವರೆಗೆ ತಾನೇ ನಡೆದು ಬಂತು. ಆವತ್ತಿನಿಂದ ಅದು ಹಿಂಡುವಾಗ ಗೌಡ್ರೇ ಪೇಪರ್ ಹಿಡಕೊಂಡು ಅದರ ಮೇಲೆ ಕೂರ್ತಾರೆ. ಮಾತಾಡಿಸಿದರೆ ನಡುಗೋ ದನಿಯಲ್ಲಿ ಉತ್ತರ ಕೊಡ್ತಾರೆ. ಎಪ್ಪತ್ತು ಎಕರೆ ತೋಟದ ಯಜಮಾನ್ರು!

ಅವರ ಮಗ ಅಭಿಷೇಕ್ ಇನ್ನೂ ಬುದ್ಧಿವಂತ. ಹೋದ ತಿಂಗಳು ಕೊಯ್ಲಿನ ಹೊತ್ತಿನಲ್ಲಿ ಆ ನಾಬನ್ನೇ ದಿಟ್ಟಿಸಿ ನೋಡಿ, ಕಾಫಿಯನ್ನೂ ಹೀಗೇ ಅಲ್ಲವಾ ತೊಳೆಯೋದು ಅಂದ. ಸಿಪ್ಪೆ ಬಿಡಿಸಿದ, ಲೋಳೆ ಹೋಗದ ಬೀಜ ಎರಡು ಕುಕ್ಕೆ ತಂದು ಸುರಿದ. ನೀರು ಮೇಲಿನ ಗೆರೆವರೆಗೆ ಬಿಟ್ಟ. ಬೀಜ ಡ್ರಮ್ಮಿನ ಅಂಚು ದಾಟಿ ಮಿಷಿನ್ನಿನ ಹೊಟ್ಟೆಗೆ ಇಳಿದವು. ಒಂದು ಸಲ ಗೊರಗೊರ ಅಂತು, ನಿಂತಿತು. ಉಳಿದ ಬೀಜ ಒಣಗಿಸಿ ಚಿಕ್ಕಮಗಳೂರಿಗೆ ಸ್ಯಾಂಪಲ್ ಕಳಿಸಿದರೆ, ರುಚಿ ನೋಡೋರು ಬಾಯಿಗೆ ಹಾಕಿ ಉಗಿದು, ಇದ್ಯಾವ ಸೋಪು ಅಂತ ಕೇಳಿದರಂತೆ. ಅಪ್ಪ ಮಗ ಈಗ ಮಾತು ಬಿಟ್ಟಿದ್ದಾರೆ.

ಮೂಡಿಗೆರೆ ಮೆಕ್ಯಾನಿಕ್ ಬಂದು, ಇದರ ಸಾಮಾನು ಎಲ್ಲೂ ಸಿಗಲ್ಲ ಅಂತ ಕೈ ಕೊಡವಿಕೊಂಡು ಹೋದ. ಹದಿನೈದು ದಿನದ ಬಟ್ಟೆ ಬಚ್ಚಲಲ್ಲಿ ರಾಶಿ ಬಿದ್ದಿದೆ. ಒಗೀತೀಯಾ ಅಂತ ನನ್ನ ಕೇಳಿದರು, ಅಡಿಗೆ ಯಾರು ಮಾಡ್ತಾರೆ ಅಂದೆ. ಈಗ ಬಂದವರಿಗೆಲ್ಲ ಅಮ್ಮಾವ್ರು ಹುಚ್ಚಮ್ಮನ ಕೈಯೇ ಕೈ ಅಂತ ಹೊಗಳ್ತಾರೆ. ಅದೇ ಬಾಯಿ ಅಲ್ಲವಾ, ದಸರಾ ಕಳೆದ ವಾರ ಒಗೆಯೋ ಕಲ್ಲಿನ ಹತ್ತಿರ ನಿಂತು, "ನಾಳೆಯಿಂದ ನೀ ಬರೋದು ಬೇಡ ಹುಚ್ಚಮ್ಮ, ಮಿಷಿನ್ ಇದೆಯಲ್ಲ" ಅಂದದ್ದು? ಕೈಯಲ್ಲಿದ್ದ ಸೀರೆಯನ್ನು ನೀನು ಪೂರ್ತಿ ಹಿಂಡಿ, ಕೊಡವಿ, ಹರವಿಯೇ ಮನೆಗೆ ಬಂದೆ. ಎರಡು ದಿನ ಊಟ ಮಾಡಲಿಲ್ಲ. ನಿನ್ನ ಬೆರಳಿನ ರಕ್ತ ದಿಂಬಿನ ಚೀಲಕ್ಕೆ ಹತ್ತಿದಾಗ ಕಲೆ ಆಯ್ತು ಅಂತ ಬೈದರೇ ಹೊರತು, ಬೆರಳು ತೋರಿಸು ಅನ್ನಲಿಲ್ಲ. ನನಗೆ ಅವರ ಮೇಲೆ ಕೋಪವೂ ಉಳಿದಿಲ್ಲವ್ವಾ, ಹೇಸಿಗೆ ಅನಿಸುತ್ತೆ.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು. ಯುಗಾದಿಗೆ ಎರಡು ದಿನ ರಜ ಕೇಳಿ ಬರ್ತೀನಿ.

ನಿನ್ನ ಮಗಳು,
ಯಶೋದಾ

ಮರೆತಿದ್ದೆ: ಭಾನುವಾರ ಮೇಸ್ತ್ರಿ ಗಿಡ್ಡಪ್ಪ ನಿನ್ನನ್ನು ಕರೆದುಕೊಂಡು ಬರೋಕೆ ಜೀಪಿನಲ್ಲಿ ಬರ್ತಾನೆ. ನೀನಿಲ್ಲದೆ ಬಂಗಲೆಗೆ ಕಳೆಯೇ ಇಲ್ಲ ಅಂತ ಹೇಳಿ ಕಳಿಸ್ತಾರೆ. ನಿನ್ನ ಮನಸ್ಸು ಕರಗುತ್ತೆ, ನನಗೆ ಗೊತ್ತು. ಹತ್ತಬೇಡ. ನಿನ್ನೆ ಎಲ್ಲರೂ ಕಳಸಕ್ಕೆ ಮದುವೆಗೆ ಹೋಗಿದ್ದರು. ಆ ದರಿದ್ರ ಮಿಷಿನ್ನನ್ನು ಗೋಡೆಗೆ ಒರಗಿಸಿ, ಅಡಿಯ ಪೈಪು ಬಿಚ್ಚಿ, ತಲೆಪಿನ್ನಿನಲ್ಲಿ ಒಂದೊಂದೇ ಬೀಜ ಕಿತ್ತು ತೆಗೆದೆ. ನೀರು ಹೋಯ್ತು, ಕಂಬ ತಿರುಗಿತು. ನಿನ್ನನ್ನು ಓಡಿಸಿದ ಮಿಷಿನ್ನಿಗೆ ನಾನೇ ಜೀವ ಕೊಟ್ಟೆ ಅಂತ ಬೈಯಿ, ಬೈಸಿಕೊಳ್ತೀನಿ. ಇನ್ನೂ ಯಾರಿಗೂ ಹೇಳಿಲ್ಲ. ಈಗಲೇ ಹೇಳಿದರೆ ಜೀಪು ಬರಲ್ಲ. ಬರಲಿ ಜೀಪು. ಗಿಡ್ಡಪ್ಪ ಕರೆದಾಗ ಬಾಗಿಲಲ್ಲೇ ನಿಂತು ಇಷ್ಟು ಹೇಳಿ ಒಳಗೆ ಹೋಗು: "ನಾ ಬರೋದು ಬೇಡ. ಮಿಷಿನ್ ಇದೆಯಲ್ಲ."