ಮೊದಲ ಕರಡನ್ನೇ ಅಂತಿಮವೆಂದು ಘೋಷಿಸಿದವರಿಗೆ

ವಿಶ್ವವಿದ್ಯಾಲಯದ ಡಿಜಿಟಲ್ ಕಲಿಕಾ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ಜಾಲತಾಣದ 'ವಿದ್ಯಾರ್ಥಿ ಪ್ರತಿಭೆ' ಪುಟದಲ್ಲಿ ನನ್ನದೊಂದು ಪ್ರಬಂಧ ಪ್ರಕಟವಾಗಿದೆ. ಪಕ್ಕದಲ್ಲಿ ಚಿನ್ನದ ಬಣ್ಣದ ನಕ್ಷತ್ರವೂ ಇದೆ. ದಯವಿಟ್ಟು ಅದನ್ನು ಕಿತ್ತುಹಾಕಿ ಎಂದು ಕೇಳಲು ಈ ಪತ್ರ. ಇಮೇಲ್ ಬರೆದು ನೋಡಿದ್ದೇನೆ. 'ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ' ಎಂಬ ಉತ್ತರ ಪ್ರತಿ ಸಲವೂ ಕಣ್ಣು ಮಿಟುಕಿಸುವುದರೊಳಗೆ ಬಂತು. ಓದುವ ಮೊದಲೇ ಪರಿಹರಿಸುವ ಇಂಥ ಕಚೇರಿಯನ್ನು ನಾಲ್ಕು ಜನರ ಎದುರು ಅಭಿನಂದಿಸದಿದ್ದರೆ ತಪ್ಪಾಗುತ್ತದೆ, ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಬಿ.ಎ. ವಿದ್ಯಾರ್ಥಿನಿ, ಊರು ಗಾಳಿಬೀಡು. 'ಆನ್‌ಲೈನ್ ಸಂವಹನ: ನನ್ನ ಊರಿನ ಅನುಭವ' ಎಂಬ ವಿಷಯ ಕೊಟ್ಟವರು ನೀವೇ. ಮೊದಲು ಕರಡನ್ನು ಏರಿಸಿ, ಅಧ್ಯಾಪಕರ ಸಲಹೆ ಪಡೆದು, ತಿದ್ದಿ ಮತ್ತೆ ಏರಿಸಿ ಎಂದು ಸುತ್ತೋಲೆ ಕಳಿಸಿದವರೂ ನೀವೇ. ತಿದ್ದುವುದೇ ಬರವಣಿಗೆಯ ಜೀವಾಳ ಎಂದು ನಿಮ್ಮ ಕೈಪಿಡಿಯಲ್ಲಿ ಒಂದು ಇಡೀ ಅಧ್ಯಾಯವಿದೆ, ಪರೀಕ್ಷೆಗೆ ನಾವು ಅದನ್ನು ಉರು ಹೊಡೆದಿದ್ದೇವೆ. ಆದರೆ ಕರಡು ಏರಿಸಿದ ಕೂಡಲೇ ಜಾಲತಾಣ ಅದನ್ನು ಅಂತಿಮ ಎಂದು ಮುದ್ರೆ ಒತ್ತಿ, ಬಾಗಿಲು ಹಾಕಿಕೊಂಡಿತು. ನವೆಂಬರ್ ಮೂವತ್ತೊಂದರೊಳಗೆ ಸಲ್ಲಿಸಿ ಎಂದು ಸುತ್ತೋಲೆ ಹೊರಡಿಸಿ, ಅದಕ್ಕೊಂದು ತಿದ್ದುಪಡಿ, ಆ ತಿದ್ದುಪಡಿಗೊಂದು ತಿದ್ದುಪಡಿ ಹೊರಡಿಸುವ ಸೌಲಭ್ಯ ತಮಗಿದೆ. ಇಲ್ಲದ ತಾರೀಖನ್ನು ತಿದ್ದಿಕೊಳ್ಳಬಹುದಾದರೆ, ಇರುವ ಮನುಷ್ಯರ ಬಗ್ಗೆ ಬರೆದದ್ದನ್ನು ತಿದ್ದಿಕೊಳ್ಳಬಾರದೇ?

ಯಾವ ಮನುಷ್ಯರು ಎಂದು ಹೇಳಬೇಕು. ಈ ಸಲ ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಹೆಸರು ಹಾಕುತ್ತಿದ್ದೇನೆ. ನಮ್ಮ ಪಕ್ಕದ ಮನೆಯ ತಂಗಮ್ಮನವರು ಅಂಗನವಾಡಿ ಸಹಾಯಕಿ. ಅವರ ತವರು ಕುಶಾಲನಗರದ ಕಡೆಯ ಶಿರಂಗಾಲ. ಅಕ್ಕ ರಂಗಮ್ಮನವರು ಅದೇ ಊರಿನಲ್ಲಿದ್ದು ತಾಯಿಯನ್ನು ನೋಡಿಕೊಳ್ಳುತ್ತಿದ್ದರು. ಒಂದು ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ, ಟವರ್ ಕೈಕೊಟ್ಟು, ಫೋನುಗಳೆಲ್ಲ ಸುಮ್ಮನಾಗಿದ್ದಾಗ ಆ ತಾಯಿ ತೀರಿಕೊಂಡರು. ಸಿಗ್ನಲ್ ಬಂದ ಮೇಲೆ ತಂಗಮ್ಮನವರು ಕುಟುಂಬದ ವಾಟ್ಸಾಪ್ ಗುಂಪು ತೆರೆದರೆ, ಹೂವಿನ ಚೌಕಟ್ಟಿನೊಳಗೆ ಅಮ್ಮನ ಫೋಟೋ, ಅದರ ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಮಣ್ಣು ಮಾಡಿ ಆಗಿತ್ತು. ಅಂದಿನಿಂದ ಅಕ್ಕ ದಿನಾ ಬೆಳಿಗ್ಗೆ ಶುಭೋದಯದ ಗುಲಾಬಿ ಕಳಿಸುತ್ತಾರೆ, ತಂಗಿ ಒಂದು ಹೆಬ್ಬೆರಳು ಕಳಿಸುತ್ತಾರೆ. ಮಾತಿಲ್ಲ.

ಇದನ್ನು ನಾನು ತಂಗಮ್ಮನವರ ಬಾಯಿಯಿಂದಲೇ ಕೇಳಿ, ಹೆಸರು, ಊರು ಸಮೇತ ಬರೆದೆ. ಅಕ್ಕನಿಗೆ ಒಂದು ಫೋನ್ ಮಾಡಲು ಪುರುಸೊತ್ತಿರಲಿಲ್ಲ, ಫೋಟೋಗೆ ಹೂವಿನ ಚೌಕಟ್ಟು ಹಾಕಲು ಪುರುಸೊತ್ತಿತ್ತು ಎಂಬ ಅವರ ಮಾತನ್ನೂ ಹಾಗೆಯೇ ಇಟ್ಟೆ. ಕರಡು ತಾನೇ, ತಿದ್ದಲು ಸಮಯವಿದೆ ಎಂದು ನಿಮ್ಮ ಸುತ್ತೋಲೆಯನ್ನು ನಂಬಿದ್ದೆ. ಏರಿಸಿದ ಮಾರನೆಯ ದಿನ ಅವರಿಗೆ ಓದಿ ಹೇಳಿದೆ. ಅವರು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಹೇಳಿದರು: "ನನ್ ವಿಷ್ಯ ಏನ್ ಬೇಕಾದ್ರೂ ಬರ್ಕೋ. ಅಕ್ಕನ ಹೆಸ್ರು ಬೇಡ ಕಣವ್ವ. ಈ ಮಾತ್ನ ನಾನು ಅವ್ಳಿಗೇ ಇನ್ನೂ ಹೇಳಿಲ್ಲ."

ತಿದ್ದುವುದು ಎಂದರೆ ಕಾಗುಣಿತ ಸರಿಮಾಡುವುದು ಎಂದು ತಿಳಿದಿದ್ದ ನನಗೆ ನಿಮ್ಮ ಕೈಪಿಡಿ ಹೇಳದ ಪಾಠ ಅದು. ಹೆಸರು ತೆಗೆದೆ, ಊರು ತೆಗೆದೆ, ಆ ಮಾತನ್ನೂ ತೆಗೆದೆ. ಹೊಸ ಪ್ರತಿ ಏರಿಸಲು ಹೋದರೆ ನಿಮ್ಮ ಬಾಗಿಲು ಮುಚ್ಚಿತ್ತು. ಅಷ್ಟರಲ್ಲಿ ನಿಮ್ಮ ತಂತ್ರಾಂಶವೋ ಸಿಬ್ಬಂದಿಯೋ, ಯಾರನ್ನೂ ಕೇಳದೆ, ಹಳೆಯ ಕರಡನ್ನು ಪ್ರತಿಭೆ ಎಂದು ಆರಿಸಿ ಲೋಕಕ್ಕೆಲ್ಲ ತೋರಿಸಿತು. ಅದನ್ನು ಓದಿದ ಯಾರಾದರೂ ಮನುಷ್ಯರು ನಿಮ್ಮ ವಿಭಾಗದಲ್ಲಿ ಇದ್ದಾರೆಯೇ? ಇದ್ದರೆ, ಒಂದು ಮನೆಯ ಸಾವಿನ ಸುದ್ದಿಗೆ ನಕ್ಷತ್ರ ಅಂಟಿಸುವಾಗ ಅವರ ಕೈ ಒಂದಿಷ್ಟೂ ತಡೆಯಲಿಲ್ಲವೇ?

ಅದು ಫಾರ್ವರ್ಡ್ ಆಗಿ ಆಗಿ ಶಿರಂಗಾಲ ತಲುಪಿತು. ರಂಗಮ್ಮನವರ ಮಗ ಸತೀಶ್ ಅವರನ್ನು ಅಂಗಡಿಯಲ್ಲಿ ಜನ ಕೇಳಿದರಂತೆ, ಹೌದೇನೋ, ಒಡಹುಟ್ಟಿದವಳಿಗೇ ಹೇಳಲಿಲ್ಲವಂತೆ ನಿಮ್ಮವ್ವ ಎಂದು. ರಂಗಮ್ಮನವರು ಡೈರಿಗೆ ಹಾಲು ಕೊಡಲು ಹೋಗುವುದನ್ನೇ ಬಿಟ್ಟರು. ಬೆಳಗಿನ ಗುಲಾಬಿಯೂ ನಿಂತಿತು. ತಂಗಮ್ಮನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ಭಾನುವಾರ ನಾನು ಶಿರಂಗಾಲದ ಬಸ್ಸು ಹತ್ತಿದೆ.

ರಂಗಮ್ಮನವರು ಜಗಲಿಯಲ್ಲಿ ಕೂರಿಸಿ, ಮೊದಲು ಮಜ್ಜಿಗೆ ಕೊಟ್ಟರು. ತಿದ್ದಿದ ಪ್ರತಿಯನ್ನು ಓದಿದೆ. ಪೂರ್ತಿ ಕೇಳಿಸಿಕೊಂಡು, ಮೊದಲು ಬರೆದದ್ದು ಸುಳ್ಳೇ ಎಂದು ಕೇಳಿದರು. ಸುಳ್ಳಲ್ಲ, ತಂಗಮ್ಮನವರು ಹೇಳಿದ್ದನ್ನೇ ಬರೆದಿದ್ದೆ ಎಂದೆ.

"ನಾನು ಫೋನ್ ಮಾಡ್ಲಿಲ್ಲ ಅಂತ ಅವ್ಳು ಹೇಳಿದ್ಲು, ಸರಿ. ನನ್ನನ್ ಯಾರವ್ವ ಕೇಳಿದ್ರು?" ಎಂದರು. ಈಗ ಕೇಳುತ್ತೇನೆ, ಅಂದು ಏನಾಯಿತು ಎಂದೆ. "ಅವ್ವನ ಪಕ್ಕದಲ್ಲೇ ಕೂತು ಮಾಡ್ತಾನೇ ಇದ್ದೆ. ಹತ್ತಲೇ ಇಲ್ಲ. ಹತ್ತದಿದ್ದಕ್ಕೆ ಗುಂಪಿಗೆ ಹಾಕಿಸ್ದೆ. ನೋಡಿಯೂ ಬರ್ಲಿಲ್ಲವಲ್ಲಾ ಇವ್ಳು ಅಂತ ನಾನೂ ಇಷ್ಟು ದಿನ ನುಂಗ್ಕೊಂಡಿದ್ದೆ."

ಅಲ್ಲಿಂದಲೇ ತಂಗಮ್ಮನವರಿಗೆ ಕರೆ ಮಾಡಿ ಫೋನನ್ನು ರಂಗಮ್ಮನವರ ಕೈಗೆ ಕೊಟ್ಟೆ. ಇಬ್ಬರೂ ಮೊದಲು ಮಳೆಯ ಬಗ್ಗೆ ಮಾತಾಡಿದರು. ಆಮೇಲೆ ಜಗಳವಾಡಿದರು. ಆಮೇಲೆ ರಂಗಮ್ಮನವರು ಸೆರಗಿನಿಂದ ಮುಖ ಒರೆಸಿಕೊಳ್ಳತೊಡಗಿದಾಗ ನಾನು ಎದ್ದು ಅಂಗಳಕ್ಕೆ ಹೋದೆ. ಮೊನ್ನೆ, ಕಳೆದ ವಾರ, ತಂಗಮ್ಮನವರು ತವರಿಗೆ ಹೋಗಿ, ಇದ್ದು ಬಂದರು.

ಇದನ್ನು ಓದಿ ತಾವು ಹಿಗ್ಗಬೇಡಿ. ನಮ್ಮ ಜಾಲತಾಣ ಅಕ್ಕತಂಗಿಯರನ್ನು ಒಂದು ಮಾಡಿತು ಎಂದು ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳುವ ಪ್ರಲೋಭನೆ ತಮಗಾಗಬಹುದು. ಅವರು ಒಂದಾದದ್ದು ಬಸ್ಸಿನಿಂದ, ಮತ್ತು ಎದುರು ಕೂತು ಕೇಳಿದ ಒಂದು ಪ್ರಶ್ನೆಯಿಂದ. ತಾವು ಮಾಡಿದ್ದು ಒಬ್ಬ ಹೆಂಗಸನ್ನು ಅವರ ಊರಿನಲ್ಲೇ ತಲೆ ತಗ್ಗಿಸುವಂತೆ ಮಾಡಿದ್ದು. ಅವರು ಈಗಲೂ ಡೈರಿಗೆ ಮಗನನ್ನು ಕಳಿಸುತ್ತಾರೆ. ಮನೆಯೊಳಗೆ ಸರಿಹೋದದ್ದು ಬೀದಿಗೆ ಗೊತ್ತಿಲ್ಲ, ಬೀದಿ ಓದುತ್ತಿರುವುದು ನಿಮ್ಮ ಪುಟವನ್ನು.

ಆದ್ದರಿಂದ ಆ ಪುಟವನ್ನು ತೆಗೆಯಿರಿ, ನಕ್ಷತ್ರವನ್ನು ತಾವೇ ಇಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೆ ತಿದ್ದುವ ಅವಕಾಶ ಕೊಡಿ, ಕೇಳದೆ ಯಾರ ಬರಹವನ್ನೂ ಪ್ರಕಟಿಸಬೇಡಿ. ಇದಕ್ಕೆಲ್ಲ ಸಮಿತಿ, ಉಪಸಮಿತಿ ಬೇಕಾಗುವುದಾದರೆ, ಅವು ಚಹಾ ಕುಡಿದು ಮುಗಿಸುವವರೆಗೆ ಆ ಪುಟದ ನೆತ್ತಿಯ ಮೇಲೆ, ಎಲ್ಲರಿಗೂ ಕಾಣುವ ದಪ್ಪಕ್ಷರದಲ್ಲಿ, ಒಂದೇ ಒಂದು ವಾಕ್ಯ ಹಾಕಿ: ರಂಗಮ್ಮನವರು ಫೋನ್ ಮಾಡಿದ್ದರು.

ಇಂತಿ,
ತಮ್ಮ ದಾಖಲೆಯಲ್ಲಿ ಈಗಾಗಲೇ ಪರಿಹಾರಗೊಂಡಿರುವ,
ಪವಿತ್ರಾ
ಗಾಳಿಬೀಡು, ಕೊಡಗು